ಅಕ್ಕೋರ ಕೈಬರಹದ ಕಂಪ್ಯೂಟರ್

ಬಾಗಲಕೋಟೆಯ ವೆಂಕಟಪೇಟೆಯಲ್ಲಿ ಪಂಢರೀನಾಥ ಗಲಗಲಿ ಎಂಬ ರೇಡಿಯೋ ರಿಪೇರಿಯವನಿದ್ದ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೋರ್ಡು ಹಾಕಿಸಿರಲಿಲ್ಲ, ಬೇಕಾದವರು ಹುಡುಕಿಕೊಂಡು ಬರುತ್ತಾರೆ ಎಂಬ ಧಿಮಾಕು ಅಷ್ಟಿಷ್ಟಿತ್ತು. ಇದ್ದರೂ ತಪ್ಪಿರಲಿಲ್ಲ. ಮೂರು ಅಂಗಡಿಯವರು ಕೈಚೆಲ್ಲಿದ ರೇಡಿಯೋ ಅವನ ಮೇಜಿನ ಮೇಲೆ ಹಾಡಲು ಶುರುಮಾಡುತ್ತಿತ್ತು. ಯಾವಾಗ ಹಾಡುತ್ತದೆ ಎಂದು ಮಾತ್ರ ಕೇಳುವ ಹಾಗಿರಲಿಲ್ಲ. ದಸರೆಗೆ ಕೊಟ್ಟದ್ದು ದೀಪಾವಳಿಗೆ ಕೈಗೆ ಬಂದರೆ ಪುಣ್ಯ. ಇಳಕಲ್ಲಿನಿಂದ, ಹುನಗುಂದದಿಂದ ಬಸ್ಸು ಹತ್ತಿ ಬಂದವರು ಬೈದುಕೊಳ್ಳುತ್ತ ಬರಿಗೈಯಲ್ಲಿ ಹೋಗುತ್ತಿದ್ದರು, ಮುಂದಿನ ಸಲ ಮತ್ತೆ ಅವನಲ್ಲಿಗೇ ಬರುತ್ತಿದ್ದರು. ಎಷ್ಟು ಬೈದರೂ ಅವನ ಉತ್ತರ ಒಂದು ಮುಗುಳುನಗೆ. ಆ ಮನೆಗೆ ದೇವರು ಕೊಟ್ಟ ಮಾತನ್ನೆಲ್ಲ ಅವನ ಅಕ್ಕನೇ ಬಳಿದುಕೊಂಡಿದ್ದಳು.

ಅಕ್ಕ ಮಥುರಾಬಾಯಿ ಹೆಣ್ಣುಮಕ್ಕಳ ಸಾಲೆಯಲ್ಲಿ ಮೂವತ್ತೈದು ವರ್ಷ ಒಂದನೆಯ ಇಯತ್ತೆಗೆ ಅಕ್ಷರ ಕಲಿಸಿದವಳು. ಊರಿಗೆಲ್ಲ ಆಕೆ ‘ಅಕ್ಕೋರು’. ಆಕೆಯ ಕೈಬರಹ ನೋಡಲಿಕ್ಕೆಂದೇ ಬೇರೆ ಸಾಲೆಯ ಮಾಸ್ತರರು ಬಂದು ಕರಿಹಲಗೆಯ ಮುಂದೆ ನಿಲ್ಲುತ್ತಿದ್ದರಂತೆ. ಮಕ್ಕಳ ಕೈ ಹಿಡಿದು ಹಿಡಿದು ತಿದ್ದಿಸಿದ ಫಲವೇನೆಂದರೆ, ಊರಿನ ಅರ್ಧ ಹೆಂಗಸರ ಅಕ್ಷರ ಒಂದೇ ಥರ ಆಗಿಹೋಗಿತ್ತು. ಯಾವ ಪತ್ರ ಯಾರದೆಂದು ಪೋಸ್ಟಮನ್‌ಗೂ ಗೊತ್ತಾಗುತ್ತಿರಲಿಲ್ಲ. ಮದುವೆಯ ಆಮಂತ್ರಣ ಬಂದರೆ ಅಕ್ಕ ಕೆಂಪು ಪೆನ್ಸಿಲಿನಿಂದ ತಪ್ಪು ತಿದ್ದಿ ತಂದವರ ಕೈಯಲ್ಲೇ ವಾಪಸು ಕೊಡುತ್ತಿದ್ದಳು. ಮುಂಜಾನೆ ಪೇಪರನ್ನು ಗಟ್ಟಿಯಾಗಿ ಓದುತ್ತ, ನಡುನಡುವೆ ಸಂಪಾದಕರ ಜೊತೆ ಜಗಳವಾಡುತ್ತ ಇಡೀ ಓಣಿಗೆ ಸುದ್ದಿ ಮುಟ್ಟಿಸುತ್ತಿದ್ದಳು. ತಂದೆ ತೀರಿಕೊಂಡಾಗ ಆಕೆಗೆ ಇಪ್ಪತ್ತೆರಡು, ಪಂಢರೀನಾಥನಿಗೆ ಒಂಬತ್ತು. ಅವನನ್ನು ಬೆಳೆಸಿದಳು, ಅಂಚೆಯ ಮೂಲಕ ರೇಡಿಯೋ ಕೋರ್ಸು ಮಾಡಿಸಿದಳು, ಕುಮುದಿನಿಯನ್ನು ತಾನೇ ನೋಡಿ ಅವನಿಗೆ ಹೆಂಡತಿಯಾಗಿ ತಂದುಕೊಂಡಳು. ತನ್ನ ಮದುವೆಯ ವಿಷಯವೊಂದನ್ನು ಬಿಟ್ಟು ಲೋಕದ ಎಲ್ಲ ವಿಷಯವನ್ನೂ ಮಾತಾಡಿದಳು.

ಇಂಥ ಅಕ್ಕ ರಿಟೈರಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಎಂಬತ್ತಾರರ ಸಂಕ್ರಮಣ ಮುಗಿದ ಮೂರನೆಯ ದಿನ, ಲಕ್ವಾ ಹೊಡೆದು ಬಚ್ಚಲಲ್ಲಿ ಬಿದ್ದಳು. ದವಾಖಾನೆಯಲ್ಲಿ ಮೂರು ವಾರ ಇಟ್ಟುಕೊಂಡರು. ಜೀವ ಉಳಿದದ್ದೇ ದೊಡ್ಡದು, ಬಲಗಡೆಯ ಕೈಕಾಲು ಮತ್ತು ಮಾತು ಬಂದರೆ ಬಂದಾವು, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಹೇಳಿದರು. ಕಾಲು ಅರ್ಧ ಬಂತು. ಕೈ ಬರಲಿಲ್ಲ. ಬಾಯಿಂದ ‘ದಾ’ ಎಂಬ ಒಂದು ಸಪ್ಪಳ ಬಿಟ್ಟರೆ ಏನೂ ಹೊರಡಲಿಲ್ಲ. ಹಸಿವಾದರೂ ದಾ, ನೋವಾದರೂ ದಾ.

ಮನೆ ಸುಡುಗಾಡಿನ ಹಾಗಾಯಿತು. ನಲವತ್ತಾರು ವರ್ಷ ಬೈಸಿಕೊಂಡೇ ಬದುಕಿದ ಪಂಢರೀನಾಥನಿಗೆ ಬೈಗುಳವಿಲ್ಲದ ಮುಂಜಾನೆ ಹೇಗೆ ಕಳೆಯಬೇಕೆಂದು ತಿಳಿಯಲಿಲ್ಲ. ಅಕ್ಕನ ತಲೆಯೊಳಗೆ ಮಾತುಗಳೆಲ್ಲ ಹಾಗೇ ಇವೆ, ಹೊರಗೆ ಬರುವ ದಾರಿಯಷ್ಟೇ ಮುಚ್ಚಿದೆ ಎಂದು ಅವನ ನಂಬಿಕೆ. ಸ್ಟೇಷನ್ ಸರಿಯಾಗಿಯೇ ಇದೆ, ಸ್ಪೀಕರ್ ಮಾತ್ರ ಹೋಗಿದೆ, ಅಷ್ಟೆ. ಅವನು ರೇಡಿಯೋದವನು, ಇನ್ನು ಹೇಗೆ ಯೋಚಿಸಿಯಾನು? ಅವನಷ್ಟೇ ಅಲ್ಲ, ಮನೆಗೆ ಬಂದುಹೋದ ಎಲ್ಲರೂ ಹಾಗೆಯೇ ತಿಳಿದಿದ್ದರು. ಯಾಕೆಂದರೆ ಅಕ್ಕ ದಿನಾ ಮುಂಜಾನೆ ಎಡಗೈಯಲ್ಲಿ ಪೇಪರು ಹಿಡಿದು ಒಂದೊಂದೇ ಪುಟ ತಿರುವುತ್ತ ಒಂದು ತಾಸು ಕೂಡುತ್ತಿದ್ದಳು.

ಪಾಟಿ ಬಳಪ ಕೊಟ್ಟು ನೋಡಿರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಕೊಟ್ಟಿದ್ದರು. ಕುಮುದಿನಿ ಪಾಟಿಯನ್ನು ತೊಡೆಯ ಮೇಲಿಟ್ಟು ಎಡಗೈಗೆ ಬಳಪ ಹಿಡಿಸಿದಾಗ ಅಕ್ಕ ಅದನ್ನು ಎತ್ತಿ ಒಗೆದಳು. ಪಾಟಿ ಎರಡು ಹೋಳಾಯಿತು. ಎರಡನೆಯ ಸಲ ಕಾಗದ ಪೆನ್ಸಿಲು ಕೊಟ್ಟರು. ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದಳು, ಆ ದಿನ ಊಟ ಮಾಡಲಿಲ್ಲ. ಇದರ ಅರ್ಥ ಆ ಮನೆಯವರಿಗೆ ತಕ್ಷಣ ಹೊಳೆಯಿತು. ಅಷ್ಟು ಚಂದದ ಅಕ್ಷರದವಳು ಎಡಗೈಯಲ್ಲಿ ಸೊಟ್ಟಸೊಟ್ಟ ಬರೆಯುವುದು ಸಾಧ್ಯವೇ? ಸತ್ತರೂ ಬರೆಯಲಾರಳು. ಓದು ಬರಹದ ಮನೆತನ, ಅಕ್ಷರದ ಅಭಿಮಾನ ಎಂದರೇನೆಂದು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಬೇರೆ ಯಾವ ಮನೆಯವರಾದರೂ ಇನ್ನೊಂದು ಅರ್ಥ ಇರಬಹುದೇ ಎಂದು ಒಂದು ಗಳಿಗೆ ಯೋಚಿಸುತ್ತಿದ್ದರೇನೋ.

ಅಲ್ಲಿಂದ ಪಂಢರೀನಾಥನ ತಲೆಯಲ್ಲಿ ಹುಳ ಹೊಕ್ಕಿತು. ಎಡಗೈಯಿಂದ ಗುಂಡಿ ಒತ್ತಿದರೆ ಸಾಕು, ಅಕ್ಷರ ಸೊಟ್ಟಾಗದೆ ತಾನಾಗಿಯೇ ಮೂಡಬೇಕು; ಅಂಥದೊಂದು ಯಂತ್ರ ಬೇಕು. ದಿಲ್ಲಿಯ ಒಂದು ಇಂಗ್ಲಿಷ್ ಮಾಸಿಕದಲ್ಲಿ ಮನೆಯಲ್ಲೇ ಕಟ್ಟಬಹುದಾದ ಕಂಪ್ಯೂಟರಿನ ನಕ್ಷೆ ಬಂದಿತ್ತು. ಡಿಕ್ಷನರಿ ಮಗ್ಗುಲಿಗಿಟ್ಟುಕೊಂಡು ಓದಿದ. ಅರ್ಥವಾಗದ್ದನ್ನು ಕಾಲೇಜಿನ ಇಲೆಕ್ಟ್ರಾನಿಕ್ಸ್ ಲೆಕ್ಚರರ್ ವಿಠ್ಠಲ ಎಂಬವರ ಬಳಿ ಕೇಳಿದ. ವಿಠ್ಠಲರ ತಾಯಿ ಅಕ್ಕನ ವಿದ್ಯಾರ್ಥಿನಿ. ನೀವು ಸಾಮಾನು ಜೋಡಿಸಿರಿ, ಯಂತ್ರಕ್ಕೆ ಬೇಕಾದ ಪ್ರೋಗ್ರಾಮು ನಾನು ಬರೆದು ಚಿಪ್ಪಿನಲ್ಲಿ ತುಂಬಿಸಿಕೊಡುತ್ತೇನೆ ಎಂದು ಅವರು ಒಪ್ಪಿದರು.

ಸಾಮಾನು ಆರಿಸುವುದರಲ್ಲಿ ಪಂಢರೀನಾಥನಷ್ಟು ಕಿರಿಕಿರಿಯವನು ಆ ಸೀಮೆಯಲ್ಲಿ ಇರಲಿಲ್ಲ. ಹುಬ್ಬಳ್ಳಿಗೆ ಹೋಗಿ ಮೂರು ಅಂಗಡಿ ಸುತ್ತಿ, ಯಾವುದೂ ಮನಸ್ಸಿಗೆ ಬಾರದೆ ಬರಿಗೈಯಲ್ಲಿ ಬಂದ. ಆಮೇಲೆ ಸೊಲ್ಲಾಪುರದ ಗಾಡಿ ಹಿಡಿದು, ಅಲ್ಲಿಂದ ಮುಂಬಯಿಗೆ ಹೋಗಿ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳಲ್ಲಿ ನಾಲ್ಕು ದಿನ ನಿಂತ. ನಲವತ್ತು ಕಾಲಿನ ಮುಖ್ಯ ಚಿಪ್ಪನ್ನು ಕೊಳ್ಳುವಾಗ ಒಂದೊಂದೇ ಕಾಲನ್ನು ಬೆಳಕಿಗೆ ಹಿಡಿದು, ಹಿಂದೆ ಯಾರಾದರೂ ಬೆಸುಗೆ ಹಾಕಿ ಬಿಚ್ಚಿದ ಗುರುತಿದೆಯೇ ಎಂದು ನೋಡಿದ. ಮೆಮರಿಯಲ್ಲಿ ಎರಡು ಥರ ಸಿಗುತ್ತಿದ್ದವು. ಒಂದು ಅಗ್ಗ, ಆದರೆ ಅದಕ್ಕೆ ಕ್ಷಣಕ್ಷಣಕ್ಕೂ ನೆನಪು ಮಾಡಿಕೊಡುತ್ತಿರಬೇಕು, ಇಲ್ಲವಾದರೆ ಬರೆದದ್ದನ್ನು ಮರೆತುಬಿಡುತ್ತದೆ. ಇನ್ನೊಂದು ತುಟ್ಟಿ, ಕರೆಂಟು ಇರುವವರೆಗೂ ಬರೆದದ್ದನ್ನು ಸುಮ್ಮನೆ ಹಿಡಿದುಕೊಂಡಿರುತ್ತದೆ. ವಿಠ್ಠಲರು ಅಗ್ಗದ್ದೇ ಸಾಕೆಂದು ಹೇಳಿ ಕಳಿಸಿದ್ದರು. ಇವನು ತುಟ್ಟಿಯದನ್ನು ತಂದ. ಮರೆಯುವ ಸಾಮಾನು ಅಕ್ಕನ ಮುಂದೆ ಇಡಲು ಅವನಿಗೆ ಮನಸ್ಸಾಗಲಿಲ್ಲ.

ಗುಂಡಿಗಳದ್ದು ಇನ್ನೊಂದು ಪುರಾಣ. ಕ್ಯಾಲ್ಕುಲೇಟರಿನ ಗುಂಡಿ ಸಣ್ಣವು, ನಡುಗುವ ಬೆರಳಿಗೆ ಎರಡೆರಡು ಒತ್ತಿಹೋಗುತ್ತವೆ. ಹಳೆಯ ಸಾಮಾನಿನ ಬಜಾರಿನಲ್ಲಿ ಯಾವುದೋ ಆಫೀಸು ಯಂತ್ರದಿಂದ ಕಿತ್ತ ದಪ್ಪ ಗುಂಡಿಗಳ ರಾಶಿ ಸಿಕ್ಕಿತು. ಬಲಗೈಯನ್ನು ಕಿಸೆಯೊಳಗಿಟ್ಟುಕೊಂಡು, ಒಂದೊಂದನ್ನೂ ಎಡಗೈ ಬೆರಳಿನಿಂದ ಒತ್ತಿ ನೋಡಿ, ಮೆತ್ತಗೆ ಇಳಿಯುವಂಥ ಐವತ್ತಾರು ಆರಿಸಿದ. ಅಂಗಡಿಯವನು ಇವನಿಗೆ ಒಂದೇ ಕೈ ಎಂದು ತಿಳಿದು ಚೀಲ ಕಟ್ಟಿಕೊಟ್ಟನಂತೆ. ಊರಿಗೆ ಬಂದ ಮೇಲೆ ಬೋರ್ಡು ಬರೆಯುವ ಚಮನಸಾಬ ಆ ಗುಂಡಿಗಳ ಮೇಲೆ ಬಿಳಿ ಬಣ್ಣದಲ್ಲಿ ಅಕ್ಷರ ಬರೆದ. ಅವನ ಹೆಂಡತಿ ಜೋಹರಾಳಿಗೆ ಅಕ್ಷರ ಕಲಿಸಿದ್ದು ಅಕ್ಕನೇ ಆದ್ದರಿಂದ ಕೂಲಿ ಮುಟ್ಟಲಿಲ್ಲ.

ಇನ್ನು ಉಳಿದದ್ದು ತೆರೆಯ ಮೇಲೆ ಮೂಡುವ ಅಕ್ಷರ. ಮಾಸಿಕದವರು ಕೊಟ್ಟದ್ದು ಇಂಗ್ಲಿಷ್ ಅಕ್ಷರ ಮಾತ್ರ. ಕನ್ನಡದ್ದನ್ನು ಒಂದೊಂದಾಗಿ ಚೌಕುಚೌಕಿನ ಕಾಗದದಲ್ಲಿ ಚುಕ್ಕೆ ಇಟ್ಟು ತಾವೇ ಮಾಡಿಕೊಳ್ಳಬೇಕು. ಪಂಢರೀನಾಥನಿಗೆ ಆಗ ಒಂದು ವಿಚಾರ ಬಂತು, ಬಂದದ್ದೇ ಮೈ ಜುಮ್ಮೆಂದಿತು. ಅಕ್ಕನ ಪೆಟ್ಟಿಗೆಯಲ್ಲಿ ಆಕೆ ಮಕ್ಕಳಿಗೆ ತಿದ್ದಲೆಂದು ಬರೆದಿಟ್ಟ ಮೇಲ್ಪಂಕ್ತಿಯ ಪುಸ್ತಕ ಇತ್ತು. ಅದೇ ಅಕ್ಷರ ಮೂಡಿಸಿದರೆ ಯಂತ್ರದ ಬರಹವೆಲ್ಲ ಅಕ್ಕನದೇ ಬರಹವಾಗುತ್ತದೆ. ಪುಸ್ತಕ ಎತ್ತಿಕೊಂಡು ಗುಳೇದಗುಡ್ಡಕ್ಕೆ ಹೋದ. ಅಲ್ಲಿ ಕುಪ್ಪಸದ ಖಣಕ್ಕೆ ನಕ್ಷೆ ಬರೆಯುವ ಬಂಡೆಪ್ಪ ಎಂಬ ಮುದುಕನಿದ್ದ. ಹೂ, ಎಲೆ, ಆನೆ ಹೆಜ್ಜೆ ಎಲ್ಲವನ್ನೂ ಚೌಕಿನ ಕಾಗದಕ್ಕೆ ಇಳಿಸಿ ನೇಕಾರರಿಗೆ ಕೊಡುವುದೇ ಅವನ ಕಸುಬು. ಚೌಕಿನಲ್ಲಿ ಗುಂಡನೆಯ ಗೆರೆ ತರುವುದು ಹೇಗೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರು? ಬಂಡೆಪ್ಪ ಪುಸ್ತಕವನ್ನು ಬಹಳ ಹೊತ್ತು ನೋಡಿದ.

“ಇದು ಬರೇ ಅಕ್ಷರ ಅಲ್ಲರಿ, ಇದೂ ನೇಗಿನ ಐತಿ. ಹದಿನಾರ ಮನಿ ಅಗಲ, ಹದಿನಾರ ಮನಿ ಎತ್ತರ ಕೊಡ್ರಿ, ಅವರ ಕೈ ಕಾಣೂ ಹಂಗ ಇಳಿಸ್ತೇನಿ,” ಅಂದ.

ಚಿಪ್ಪಿನಲ್ಲಿ ನೂರಾ ಇಪ್ಪತ್ತೆಂಟು ಆಕಾರಕ್ಕೆ ಜಾಗವಿತ್ತು. ಬಂಡೆಪ್ಪ ಎರಡು ತಿಂಗಳು ಕೂತು ಅಷ್ಟನ್ನೂ ಇಳಿಸಿದ. ಕುಮುದಿನಿ ಅಡುಗೆ ಮುಗಿಸಿ ಚೌಕು ಎಣಿಸಿ ಬರೆದುಕೊಟ್ಟಳು, ವಿಠ್ಠಲರು ತುಂಬಿಸಿದರು. ಈ ಗದ್ದಲದಲ್ಲಿ ಒಂದು ದಿನ ಕುಮುದಿನಿ, ಅರ್ಧ ಆಗಿದೆಯಲ್ಲ, ಅಕ್ಕನಿಗೆ ಒಮ್ಮೆ ತೋರಿಸಿರಿ, ಆಕೆಯ ಮನಸ್ಸಿನಲ್ಲಿ ಏನಿದೆಯೋ ಎಂದಳು. ಅವನಿಗೆ ಸಿಟ್ಟು ಬಂತು. ಅರ್ಧಕ್ಕೆ ತೋರಿಸಿದರೆ ಅಕ್ಕ ತಪ್ಪು ಹುಡುಕುತ್ತಾಳೆ, ಪೂರ್ತಿ ಆಗಲಿ ಎಂದ. ಕುಮುದಿನಿ ಮತ್ತೆ ಆ ಮಾತು ಎತ್ತಲಿಲ್ಲ. ಒಂದು ವರ್ಷ ಅವನು ಹೊರಗಿನ ಕೋಣೆಯಲ್ಲಿ ಯಂತ್ರದ ಮುಂದೆ ಕೂತ, ಅಕ್ಕ ಒಳಗಿನ ಕೋಣೆಯಲ್ಲಿ ಗೋಡೆಯ ಮುಂದೆ ಕೂತಳು. ದಿನಕ್ಕೆರಡು ಸಲ ಒಳಗೆ ಹೋಗಿ ಗುಳಿಗೆ ಕೊಟ್ಟು ಬರುತ್ತಿದ್ದ. ಆಕೆ ಅವನ ಅಂಗಿಯ ತೋಳು ಹಿಡಿದರೆ, ಸ್ವಲ್ಪ ತಡಿ ಅಕ್ಕ, ಇನ್ನೇನು ಆಯಿತು ಎಂದು ಬಿಡಿಸಿಕೊಂಡು ಬರುತ್ತಿದ್ದ. ಅವನಿಗೆ ಆಮೇಲೆ ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಇದೇ ನೆನಪು.

ಎಂಬತ್ತೇಳರ ಫೆಬ್ರುವರಿಗೆ ಯಂತ್ರ ತಯಾರಾಯಿತು. ಸಾಗವಾನಿಯ ಪೆಟ್ಟಿಗೆ, ಅದರ ಮೇಲೆ ಹನ್ನೆರಡು ಇಂಚಿನ ಕಪ್ಪು ಬಿಳುಪು ಟಿವಿ, ಮುಚ್ಚಲಿಕ್ಕೆ ಕುಮುದಿನಿಯ ಹೊಸ ಖಣದ ಬಟ್ಟೆ. ಕರೆಂಟಿನ ಡಬ್ಬಿಯನ್ನು ಅವನೇ ಸುತ್ತಿ ಮಾಡಿದ್ದ. ಅದರಿಂದ ಎರಡು ವಾಯರು ಹೊರಡುತ್ತಿದ್ದವು, ಹನ್ನೆರಡು ವೋಲ್ಟಿನ ಕೆಂಪು ಟಿವಿಗೆ, ಐದು ವೋಲ್ಟಿನ ಹಳದಿ ಚಿಪ್ಪುಗಳಿಗೆ. ಸುದ್ದಿ ಊರೆಲ್ಲ ಹಬ್ಬಿತ್ತು. ಅಕ್ಕೋರು ಮತ್ತೆ ಮಾತಾಡುತ್ತಾರಂತೆ, ಟಿವಿಯಲ್ಲಿ ಬರೆದು ತೋರಿಸುತ್ತಾರಂತೆ ಎಂದು ಸಾಲೆಯ ಹೆಡ್‌ಬಾಯಿ ಇಂದ್ರಾಬಾಯಿ ಹತ್ತಿಪ್ಪತ್ತು ಹಳೆಯ ವಿದ್ಯಾರ್ಥಿನಿಯರನ್ನು ಕೂಡಿಸಿಕೊಂಡು ರವಿವಾರ ಹತ್ತು ಗಂಟೆಗೆ ಬರುವುದೆಂದು ಗೊತ್ತಾಯಿತು. ಬೇಡವೆನ್ನಲು ಪಂಢರೀನಾಥನಿಗೆ ಬಾಯಿ ಬರಲಿಲ್ಲ. ನಿಜ ಹೇಳಬೇಕೆಂದರೆ ಬೇಕಾಗಿಯೂ ಇತ್ತು. ಹೊಗಳಿಕೆ ಯಾರಿಗೆ ಬೇಡ?

ರವಿವಾರ ಒಂಬತ್ತೂವರೆಗೆಲ್ಲ ಕಟ್ಟೆಯ ಮೇಲೆ ಹೆಂಗಸರು ಸೇರಿದ್ದರು. ಅವರನ್ನು ಒಳಗೆ ಕರೆಯುವ ಮೊದಲು ಅಕ್ಕನಿಗೆ ಒಮ್ಮೆ ರೂಢಿ ಮಾಡಿಸೋಣವೆಂದು ಅವನು ನಡುಮನೆಯ ಬಾಗಿಲು ಮುಂದೆ ಮಾಡಿ, ಆಕೆಯನ್ನು ಕುರ್ಚಿಯಲ್ಲಿ ಕೂಡಿಸಿ, ಖಣ ಸರಿಸಿ, ಸ್ವಿಚ್ಚು ಹಾಕಿದ. ಒಂದು ಗುಂಡಿ ಒತ್ತಿದ. ಕರಿಯ ತೆರೆಯ ಮೇಲೆ ಬೆಳ್ಳಗೆ, ದುಂಡಗೆ, ಅಕ್ಕನ ಕೈಬರಹದ ‘ಅ’ ಮೂಡಿತು. ಅವನ ಕಣ್ಣು ತುಂಬಿ ಬಂದವು. ಅಕ್ಕ ಬೆಳಕು ನೋಡಿ ನಕ್ಕಳು.

“ನಿಂದ ಅಕ್ಷರ ಅಕ್ಕ. ಈಗ ನಿನ್ನ ಹೆಸರು ಒತ್ತು. ‘ಮ’ ಎಲ್ಲದ, ತೋರಸು.”

ಅಕ್ಕನ ನಗೆ ನಿಂತಿತು. ಎಡಗೈ ಎತ್ತಿ ಗುಂಡಿಗಳ ಮೇಲೆ ಒಯ್ದಳು. ಬೆರಳು ಒಂದು ಗುಂಡಿಯ ಮೇಲೆ ನಿಂತಿತು, ಅದು ‘ಟ’. ಆಕೆ ಒತ್ತಲಿಲ್ಲ, ತಲೆಯೆತ್ತಿ ತಮ್ಮನ ಮುಖ ನೋಡಿದಳು. ಅವನು ಸುಮ್ಮನಿದ್ದದ್ದು ಕಂಡು ಬೆರಳನ್ನು ಮಗ್ಗುಲಿನ ಗುಂಡಿಗೆ ಸರಿಸಿ ಮತ್ತೆ ಮುಖ ನೋಡಿದಳು. ಮತ್ತೊಂದಕ್ಕೆ ಸರಿಸಿ ಮತ್ತೆ ನೋಡಿದಳು. ಪಾಠ ಬಾರದ ಮಗು ಮಾಸ್ತರರ ಮುಖ ನೋಡಿ ಉತ್ತರ ಹುಡುಕುವ ನೋಟ ಅದು. ಅಂಥ ನೋಟ ಹೊತ್ತ ಎಷ್ಟು ಮಕ್ಕಳು ಮೂವತ್ತೈದು ವರ್ಷ ಆಕೆಯ ಮುಂದೆ ನಿಂತಿದ್ದವೋ.

‘ಮ’ ಗುಂಡಿಯನ್ನು ಪಂಢರೀನಾಥ ತಾನೇ ಒತ್ತಿ ತೆರೆ ತೋರಿಸಿದ. ತನ್ನದೇ ಕೈಬರಹವನ್ನು ಆಕೆ ಎಂದೂ ಕಾಣದ ವಸ್ತುವಿನ ಹಾಗೆ ನೋಡಿದಳು. ಮಾತಿನ ಜೊತೆಗೆ ಅಕ್ಷರವೂ ಹೋಗಿದೆ, ಒಂದೂ ಉಳಿದಿಲ್ಲ ಎಂದು ಅವನಿಗೆ ಆಗ ತಿಳಿಯಿತು. ಪಾಟಿ ಒಗೆದದ್ದು ಅಭಿಮಾನದಿಂದಲ್ಲ, ಹೆದರಿಕೆಯಿಂದ. ಒಂದು ವರ್ಷ ದಿನಾ ಮುಂಜಾನೆ ಓದಲು ಬಾರದ ಪೇಪರಿನ ಪುಟಗಳನ್ನು ತಿರುವಿ ತಿರುವಿ ಆಕೆ ಆ ಗುಟ್ಟನ್ನು ಕಾಪಾಡಿಕೊಂಡಿದ್ದಳು. ಅದನ್ನು ಊರಿನ ಮುಂದೆ ಬಿಚ್ಚಿಡಲು ಇವನು ಒಂದು ವರ್ಷ ದುಡಿದಿದ್ದ.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿಲ ಕಡೆ ನೋಡಿದಳು. ಹೊರಗೆ ಇಂದ್ರಾಬಾಯಿಯ ದನಿ, ಅಕ್ಕೋರು ಮೊದಲು ಯಾರ ಹೆಸರು ಬರೆಯುತ್ತಾರೋ ಎಂದು ಹೆಂಗಸರ ನಗೆ. ಅಕ್ಕನ ಎಡಗೈ ಅವನ ಅಂಗಿಯ ತೋಳನ್ನು ಹಿಡಿದು ಜಗ್ಗಿತು. “ದಾ,” ಅಂದಳು, “ದಾ, ದಾ.” ಈ ಸಲ ಅವನಿಗೆ ಅದು ಪೂರ್ತಿ ಅರ್ಥವಾಯಿತು.

ಮೈಯಲ್ಲಿ ಆರಾಮಿಲ್ಲ ಎಂದು ಅವರನ್ನು ಹಿಂದಕ್ಕೆ ಕಳಿಸಬಹುದಿತ್ತು. ಮುಂದಿನ ರವಿವಾರ ಮತ್ತೆ ಬರುತ್ತಿದ್ದರು. ಒಂದು ಚಿಪ್ಪು ಕಿತ್ತು ಕಿಸೆಯಲ್ಲಿಟ್ಟುಕೊಳ್ಳಬಹುದಿತ್ತು. ವಿಠ್ಠಲರು ಹೊರಗೇ ಕೂತಿದ್ದರು. ಮುಚ್ಚಳ ತೆಗೆದು ಒಂದು ನಿಮಿಷದಲ್ಲಿ ಹಿಡಿಯುತ್ತಿದ್ದರು. ಯಂತ್ರ ಸರಿಯಾಗಿದ್ದಷ್ಟು ಕಾಲವೂ ಯಾರಾದರೂ ಅಕ್ಕನನ್ನು ಅದರ ಮುಂದೆ ಕೂಡಿಸದೆ ಬಿಡುವುದಿಲ್ಲ. ಸ್ವಿಚ್ಚು ಆರಿಸಿ ಪೆಟ್ಟಿಗೆಯ ಹಿಂದೆ ಬಗ್ಗಿದ. ಹಳದಿ ವಾಯರು ಬಿಚ್ಚಿದ, ಅದರ ಜಾಗಕ್ಕೆ ಕೆಂಪನ್ನು ಕೂಡಿಸಿದ. ಬದುಕಿನಲ್ಲಿ ಒಂದು ಸಾಮಾನನ್ನೂ ಬೇಕೆಂದು ಕೆಡಿಸಿದವನಲ್ಲ. ಸ್ಕ್ರೂ ಬಿಗಿ ಮಾಡಿದ. ತಲೆಯೆತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ಕುಮುದಿನಿ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ.

ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಕರೆದ. ಹೆಂಗಸರು ಸರದಿಯಂತೆ ಅಕ್ಕನ ಕಾಲು ಮುಟ್ಟಿ ಚಾಪೆಯ ಮೇಲೆ ಕೂತರು. ವಿಠ್ಠಲರು ಯಂತ್ರದ ಬಗ್ಗೆ ನಾಲ್ಕು ಮಾತು ಹೇಳಿದರು. ಪಂಢರೀನಾಥ ಸ್ವಿಚ್ಚು ಹಾಕಿದ. ಒಳಗೆ ಟಪ್ಪೆಂದಿತು, ಪೆಟ್ಟಿಗೆಯ ಸಂದಿನಿಂದ ಹೊಗೆ ಬಂತು, ಸುಟ್ಟ ವಾಸನೆ ಮನೆ ತುಂಬಿತು. ಯಾರೋ ಕಿಟಕಿ ತೆರೆದರು. ವಿಠ್ಠಲರು ಪ್ಲಗ್ಗು ಕಿತ್ತು ಮುಚ್ಚಳ ಬಿಚ್ಚಿ ನೋಡಿ ತಲೆ ಮೇಲೆ ಕೈಯಿಟ್ಟುಕೊಂಡರು.

“ಐದು ವೋಲ್ಟಿನ ಕಡೆ ಹನ್ನೆರಡು ಕೂಡಿಸೀರಿ. ಎಲ್ಲಾ ಚಿಪ್ ಹೋದುವು. ಇಂಥಾ ತಪ್ಪು ನೀವು ಹ್ಯಾಂಗ ಮಾಡಿದ್ರಿ?”

“ಗಡಿಬಿಡಿಯೊಳಗ ಆತು,” ಅಂದ ಪಂಢರೀನಾಥ. “ನನ್ನ ಕೈಲೆ ಆಗೋ ಕೆಲಸ ಅಲ್ಲ ಇದು. ಬಿಡ್ರಿ.”

ಅಕ್ಕೋರ ಮನಸ್ಸಿನಲ್ಲಿ ಎಷ್ಟು ಮಾತಿತ್ತೋ ಎಂದು ಹೆಂಗಸರು ಕಣ್ಣೊರೆಸಿಕೊಂಡರು. ಅವನ ಕಡೆ ನೋಡಿದ ಕಣ್ಣುಗಳಲ್ಲಿ ಮರುಕ ಸ್ವಲ್ಪ, ಸಿಟ್ಟು ಹೆಚ್ಚು. ಅಕ್ಕ ಮಾತ್ರ ತಮ್ಮನಿಂದ ಕಣ್ಣು ಕೀಳಲಿಲ್ಲ. ಎಲ್ಲರೂ ಹೋದ ಮೇಲೆ ಅವನು ಆಕೆಯ ಕಾಲ ಬಳಿ ನೆಲದ ಮೇಲೆ ಕೂತ. ಆ ದಿನ ಮಧ್ಯಾಹ್ನವೆಲ್ಲ ಅಲ್ಲಿಯೇ ಕೂತಿದ್ದ, ಅಂಗಡಿ ತೆರೆಯಲಿಲ್ಲ.

ಆಮೇಲೆ ಊರು ಸುಮ್ಮನಿರುತ್ತದೆಯೇ? ಸ್ವಂತ ಅಕ್ಕನ ಮಾತು ಸುಟ್ಟವನು ನಮ್ಮ ಟೇಪ್‌ರೆಕಾರ್ಡರು ಬಿಟ್ಟಾನೆಯೇ ಎಂದು ಮಸ್ಕಿರಿ ಮಾಡಿದರು. ಅವನ ಕೈಯಲ್ಲಿ ಸತ್ತ ರೇಡಿಯೋ ಬದುಕಿಸಿಕೊಂಡವರೇ ಸ್ಟೇಷನ್ ರಸ್ತೆಯ ಹೊಸ ಅಂಗಡಿಗೆ ಹೋಗತೊಡಗಿದರು. ವಿಠ್ಠಲರು ಸಾಮಾನು ಮತ್ತೆ ತರಿಸೋಣವೆಂದು ಎರಡು ಸಲ ಬಂದರು. ಬಂಡೆಪ್ಪನ ಚೌಕಿನ ಹಾಳೆಗಳೆಲ್ಲ ಇನ್ನೂ ಇದ್ದವು. ಇವನು ಒಲ್ಲೆನೆಂದ. ಹಟಮಾರಿ ಎಂದು ಅವರೂ ಬರುವುದು ಬಿಟ್ಟರು. ಹೊರಗಿನ ಕೋಣೆಯ ಬಾಗಿಲು ದಿನದಲ್ಲಿ ಅರ್ಧ ಹೊತ್ತು ಮುಚ್ಚಿರುತ್ತಿತ್ತು, ಯಾಕೆಂದರೆ ಅವನು ಅಕ್ಕನ ಬಳಿ ಇರುತ್ತಿದ್ದ. ಆಕೆಯ ಒಂದೇ ಸಪ್ಪಳದಲ್ಲಿ ಎಷ್ಟು ಬಗೆಯಿದೆಯೆಂದು ಅವನಿಗೆ ಮೆಲ್ಲಗೆ ತಿಳಿಯುತ್ತ ಬಂತು, ಆದರೆ ಒಂದು ವರ್ಷ ತಡವಾಗಿತ್ತು. ಆಕೆ ಆ ಸಪ್ಪಳವನ್ನೂ ದಿನದಿನಕ್ಕೆ ಕಡಿಮೆ ಮಾಡುತ್ತಿದ್ದಳು. ಎಂಬತ್ತೆಂಟರ ಶ್ರಾವಣದಲ್ಲಿ ತೀರಿಕೊಂಡಳು.

ಹದಿನಾಲ್ಕನೆಯ ದಿನ ಸಾಲೆಯಲ್ಲಿ ಸಂತಾಪ ಸಭೆ. ಇಂದ್ರಾಬಾಯಿ ಚೆನ್ನಾಗಿ ಮಾತಾಡಿದರು. ಅಂಥ ವಿದ್ಯಾವಂತೆಯ ತಲೆಯಲ್ಲಿ ಕೊನೆಯವರೆಗೂ ಅಕ್ಷರಗಳೆಲ್ಲ ಬೆಳಗುತ್ತಿದ್ದವು, ಮನೆಯವರ ಒಂದು ಅಲಕ್ಷ್ಯದಿಂದ ಅವು ನಮಗೆ ಸಿಗದೆ ಹೋದವು ಎಂದರು. ತಲೆಗಳೆಲ್ಲ ಮೊದಲ ಸಾಲಿನ ಕಡೆ ತಿರುಗಿದವು. ಕುಮುದಿನಿಗೆ ಮೈ ಉರಿದುಹೋಯಿತು. ಒಂದೂವರೆ ವರ್ಷ ತಡೆದುಕೊಂಡದ್ದು ಸಾಕಾಗಿ ಆಕೆ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತಳು, ಬಾಯಿ ತೆರೆದಳು. ಪಂಢರೀನಾಥ ಆಕೆಯ ಮುಂಗೈ ಹಿಡಿದ.

“ಕೂಡು,” ಅಂದ.

ಆಕೆ ಕೂತಳು. ಇಂದ್ರಾಬಾಯಿ ಮುಂದುವರಿಸಿದರು.